ಓದುಗರ ಪ್ರಶ್ನೆ, ನಮ್ಮ ಉತ್ತರ: 400 ಕಿಲೋಮೀಟರ್ ಸರಾಗ, ಕೊನೆಯ 100 ಮೀಟರಲ್ಲಿ ಪರದಾಟ

ಡಿಟಿಎಚ್ ಬಗ್ಗೆ ಹಿಂದೊಮ್ಮೆ ಬರೆದಾಗ, "ಕೇಬಲ್ ಬಗ್ಗೆ ಯಾಕ್ರೀ ಬರೆಯಲ್ಲ" ಅಂತ ತುಂಬ ಜನ ಕೇಳಿದ್ರಿ. ಅದಕ್ಕೇ ಈ ಸಲ ಪೂರ್ತಿ ಕೇಬಲ್ ಪ್ರಶ್ನೆಗಳನ್ನೇ ತಗೊಂಡಿದೀನಿ. ಪ್ಯಾಕೇಜು, ರೇಟು, ಯಾವ ಚಾನೆಲ್ ಯಾಕೆ ಕಟ್ಟಾಯ್ತು ಅನ್ನೋದನ್ನೆಲ್ಲ ಪಕ್ಕಕ್ಕಿಟ್ಟೆ, ಅದಕ್ಕೆ ನಿಮ್ಮ ಕೇಬಲ್‌ನವರೇ ಉತ್ತರ ಕೊಡಬೇಕು.

ಪ್ರಶ್ನೆ: ನಮ್ಮೂರಿನ ಕೇಬಲ್‌ನವರು ಈಗ ದೊಡ್ಡ ಡಿಶ್ಶೆಲ್ಲ ಇಲ್ಲ, ಸಿಗ್ನಲ್ಲು ಬೆಂಗಳೂರಿಂದ್ಲೇ ವೈರಲ್ಲಿ ಬರತ್ತೆ ಅಂತಾರೆ. ಸುಮಾರು 400 ಕಿಲೋಮೀಟರ್ ಬಂದ್ರೂ ಚಿತ್ರ ಹೊಸದಾಗಿರತ್ತೆ. ಆದ್ರೆ 90ರ ದಶಕದಲ್ಲಿ ಕಂಟ್ರೋಲ್ ರೂಮು ಎರಡೇ ಬೀದಿ ಆಚೆ ಇದ್ದಾಗ ನಮ್ಮನೇಲಿ ಬರೀ ಚುಕ್ಕೆ ಚುಕ್ಕೆ. ಇದೆಂಥ ಲೆಕ್ಕ?
(ಓದುಗರು, ಶಿರಸಿ)

ಬೆಂಗಳೂರಿಂದ ಬರೋದು ಗಾಜಿನ ಎಳೆ, ಅಂದ್ರೆ ಆಪ್ಟಿಕಲ್ ಫೈಬರ್. ಆಗ ನಿಮ್ಮ ಬೀದಿಲಿ ಇದ್ದಿದ್ದು ತಾಮ್ರದ ಕೋಆಕ್ಸಿಯಲ್ ಕೇಬಲ್, ಮಧ್ಯ ಒಂದು ತಂತಿ, ಸುತ್ತ ಲೋಹದ ಜಾಲರಿ. ಎರಡಕ್ಕೂ ಇರೋ ವ್ಯತ್ಯಾಸ ಸ್ವಲ್ಪ ಅಲ್ಲ. ಮನೆ ಗೋಡೆ ಮೇಲೆ ಮೊಳೆ ಹೊಡೆದು ಎಳೆದಿರೋ ಆರ್‌ಜಿ-6 ವೈರು ಇದ್ಯಲ್ಲ, ಅದರಲ್ಲಿ 800 ಮೆಗಾಹರ್ಟ್ಸ್ ಆಸುಪಾಸಿನ ಸಿಗ್ನಲ್ ಬಿಟ್ರೆ 100 ಮೀಟರ್ ದಾಟೋಷ್ಟರಲ್ಲಿ ಹತ್ತಿರ ಹತ್ತಿರ 20 ಡೆಸಿಬಲ್ ಹೋಗಿರತ್ತೆ. 20 ಡೆಸಿಬಲ್ ಹೋಯ್ತು ಅಂದ್ರೆ ಕಳಿಸಿದ ಶಕ್ತಿಲಿ ನೂರರಲ್ಲಿ ಒಂದು ಪಾಲು ಮಾತ್ರ ಉಳೀತು ಅಂತ. ಫೈಬರಲ್ಲಿ 1550 ನ್ಯಾನೋಮೀಟರ್ ತರಂಗದ ಬೆಳಕು ಬಿಟ್ರೆ ಕಿಲೋಮೀಟರಿಗೆ ಹೋಗೋದು ಸುಮಾರು 0.2 ಡೆಸಿಬಲ್ ಅಷ್ಟೇ. ಅದೇ ನೂರರಲ್ಲಿ ಒಂದು ಪಾಲಿಗೆ ಇಳೀಬೇಕಾದ್ರೆ 100 ಕಿಲೋಮೀಟರ್ ಹೋಗ್ಬೇಕು! ತಾಮ್ರ 100 ಮೀಟರಲ್ಲಿ ತಿನ್ನೋದನ್ನ ಗಾಜು 100 ಕಿಲೋಮೀಟರಲ್ಲಿ ತಿನ್ನತ್ತೆ. ಜಾಯಿಂಟು, ಕನೆಕ್ಟರು ಎಲ್ಲ ಸೇರಿದ್ರೆ ಫೈಬರಲ್ಲೂ ನಷ್ಟ ಸ್ವಲ್ಪ ಏರತ್ತೆ, ಅದಕ್ಕೇ 80-100 ಕಿಲೋಮೀಟರಿಗೆ ಒಂದು ಕಡೆ ಬೆಳಕನ್ನ ಬೆಳಕಾಗೇ ಹಿಗ್ಗಿಸೋ ಆಂಪ್ಲಿಫೈಯರ್ ಇಡ್ತಾರೆ, ಎರ್ಬಿಯಂ ಅನ್ನೋ ಲೋಹ ಬೆರೆಸಿದ ಫೈಬರಿಂದು.

ಮೊದಮೊದಲು ಗಾಜೂ ಹಿಂಗಿರ್ಲಿಲ್ಲ. 1966ರಲ್ಲಿ ಚಾರ್ಲ್ಸ್ ಕಾವೊ ಅನ್ನೋ ವಿಜ್ಞಾನಿ, ಗಾಜಿನ ಕಲ್ಮಶ ತೆಗೆದು ನಷ್ಟವನ್ನ ಕಿಲೋಮೀಟರಿಗೆ 20 ಡೆಸಿಬಲ್‌ಗೆ ಇಳಿಸಿದ್ರೆ ಸಾಕು, ಫೋನಿನವರ ಕೆಲಸಕ್ಕೆ ಬರತ್ತೆ ಅಂತ ಲೆಕ್ಕ ಹಾಕಿ ತೋರಿಸಿದ್ರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿ ಅದನ್ನ ಮುಟ್ಟಿತು. ಕಾವೊಗೆ ನೊಬೆಲ್ ಸಿಕ್ಕಿದ್ದು 2009ರಲ್ಲಿ, ಅಷ್ಟೊತ್ತಿಗೆ ಪ್ರಪಂಚದ ಸಮುದ್ರಗಳ ತಳದಲ್ಲೆಲ್ಲ ಫೈಬರ್ ಮಲಗಿತ್ತು.

ಈಗ ನಿಮ್ಮ 90ರ ದಶಕದ ಚುಕ್ಕೆಗೆ ಬರೋಣ. ತಾಮ್ರದಲ್ಲಿ ಸಿಗ್ನಲ್ ಸೊರಗತ್ತೆ ಅಂತ ಕೆಲವು ಕಂಬಕ್ಕೊಂದು ಆಂಪ್ಲಿಫೈಯರ್ ಹಾಕ್ತಿದ್ರು, ಈಗ್ಲೂ ಹಾಕ್ತಾರೆ. ತೊಂದರೆ ಏನಂದ್ರೆ ಆಂಪ್ಲಿಫೈಯರಿಗೆ ಚಿತ್ರ ಯಾವ್ದು ಗಲೀಜು ಯಾವ್ದು ಅಂತ ಗೊತ್ತಾಗಲ್ಲ, ಎರಡನ್ನೂ ಒಟ್ಟಿಗೇ ಹಿಗ್ಗಿಸಿ ತನ್ನದೂ ಒಂದಿಷ್ಟು ನಾಯ್ಸ್, ಅಂದ್ರೆ ಗದ್ದಲ, ಸೇರಿಸಿ ಮುಂದಕ್ಕೆ ತಳ್ಳತ್ತೆ. ಜೆರಾಕ್ಸಿನ ಜೆರಾಕ್ಸ್ ತೆಗೆಸಿದ ಹಂಗೆ. ಒಂದೇ ಥರದ ಆಂಪ್ಲಿಫೈಯರ್‌ಗಳ ಸಂಖ್ಯೆ ಎರಡು ಪಟ್ಟಾದಾಗಲೆಲ್ಲ ಸಿಗ್ನಲ್ಲಿಗೂ ನಾಯ್ಸಿಗೂ ಇರೋ ಅಂತರ 3 ಡೆಸಿಬಲ್ ಕಮ್ಮಿ ಆಗತ್ತೆ. ನಿಮ್ಮನೆ ಲೈನಿನ ಕೊನೇಲಿ ಇತ್ತು ಅನ್ಸತ್ತೆ, ಅದಕ್ಕೇ ಕಂಟ್ರೋಲ್ ರೂಮ್ ಪಕ್ಕದ ಮನೆಗೆ ಹಾಲಿನಂಥ ಚಿತ್ರ, ನಿಮಗೆ ಚುಕ್ಕೆ.

ಈಗ ಬೆಂಗಳೂರಿಂದ ಹೊರಡೋದು ಚಿತ್ರದ ಅಲೆಯಲ್ಲ, ಬರೀ ಸೊನ್ನೆ ಒಂದುಗಳ ಪ್ಯಾಕೆಟ್ಟು, ಇಂಟರ್ನೆಟ್ ಡೇಟಾ ಹೋದಂಗೇ ಹೋಗತ್ತೆ. ದಾರೀಲಿ ಸಿಗೋ ಸ್ವಿಚ್ಚುಗಳು ಬಂದಿದ್ದು ಸೊನ್ನೆಯೋ ಒಂದೋ ಅಂತ ತೀರ್ಮಾನ ಮಾಡಿ ಮತ್ತೆ ಹೊಸದಾಗೇ ಕಳಿಸ್ತವೆ, ಹಳೆ ಗಲೀಜು ಅಲ್ಲಲ್ಲೇ ಉದುರಿ ಹೋಗತ್ತೆ. ಶಿರಸಿಲಿ ಅದನ್ನ ಕ್ವಾಮ್ ಮಾಡ್ಯುಲೇಟರ್ ಅನ್ನೋ ಪೆಟ್ಟಿಗೆ ಮತ್ತೆ ಟೀವಿ ಫ್ರೀಕ್ವೆನ್ಸಿಗೆ ಹತ್ತಿಸತ್ತೆ. ಅಲ್ಲೀತನಕ ಬೆಂಗಳೂರಲ್ಲಿ ಇದ್ದಿದ್ದಕ್ಕೂ ಶಿರಸಿಲಿ ಇರೋದಕ್ಕೂ ಒಂದು ಬಿಟ್ಟಿನ ವ್ಯತ್ಯಾಸನೂ ಇರಬೇಕಾಗಿಲ್ಲ. ಆಮೇಲೆ ನಿಮ್ಮ ಬೀದಿ ಶುರು ಆಗತ್ತೆ ನೋಡಿ, ಕಷ್ಟ ಎಲ್ಲ ಅಲ್ಲಿಂದ.

ಪ್ರಶ್ನೆ: ಆಗ ಮೂವತ್ತು ನಲವತ್ತು ಚಾನೆಲ್ಲಿಗೇ ಉಸ್ಸಪ್ಪಾ ಅಂತಿದ್ದ ಅದೇ ವೈರಲ್ಲಿ ಈಗ ಮುನ್ನೂರು ಚಾನೆಲ್ ಹೆಂಗೆ ಹಿಡೀತವೆ?
(ಓದುಗರು, ಹಾಸನ)

ವೈರು ಅದೇ, ತುಂಬೋ ರೀತಿ ಬೇರೆ. ಹಳೇ ಅನಲಾಗ್ ಪದ್ಧತೀಲಿ ಒಂದು ಚಾನೆಲ್ಲಿಗೆ 7 ಅಥವಾ 8 ಮೆಗಾಹರ್ಟ್ಸ್ ಜಾಗ ಪೂರ್ತಿ ಬೇಕಿತ್ತು, ತೆರೆ ಮೇಲೆ ಬರೀ ಕಪ್ಪು ಪರದೆ ತೋರಿಸ್ತಿದ್ರೂ ಅಷ್ಟೇ ಜಾಗ. ಈಗ ಅದೇ 8 ಮೆಗಾಹರ್ಟ್ಸಲ್ಲಿ 64-ಕ್ವಾಮ್ ಅನ್ನೋ ವಿಧಾನದಲ್ಲಿ ಸೆಕೆಂಡಿಗೆ ಸುಮಾರು 38 ಮೆಗಾಬಿಟ್ ಕಳಿಸಬಹುದು. ಒಂದು ಸಾಧಾರಣ ಎಸ್‌ಡಿ ಚಾನೆಲ್ಲಿಗೆ 2 ಮೆಗಾಬಿಟ್ ಅಂತ ಇಟ್ಕೊಂಡ್ರೂ ಒಂದು ಚಾನೆಲ್ ಇದ್ದ ಜಾಗದಲ್ಲಿ 19 ಚಾನೆಲ್ ಆಯ್ತು, ಎಚ್‌ಡಿ ಆದ್ರೆ ಕಮ್ಮಿ. ಕೇಬಲ್ಲನ್ನ ಕಡ್ಡಾಯವಾಗಿ ಡಿಜಿಟಲ್ ಮಾಡೋ ಕೆಲಸ ನಮ್ಮಲ್ಲಿ ನಾಲ್ಕು ಹಂತದಲ್ಲಿ ನಡೀತು, ಬೆಂಗಳೂರು ಮೈಸೂರು ಎರಡನೇ ಹಂತದ ಪಟ್ಟೀಲಿದ್ವು, ಅದರ ಗಡುವು 2013ರ ಮಾರ್ಚ್ 31. ಮನೆಮನೆಗೂ ಸೆಟ್ ಟಾಪ್ ಬಾಕ್ಸ್ ಬಂದಿದ್ದು ಆ ಗಲಾಟೆಲೇ.

ಪ್ರಶ್ನೆ: ಕ್ರಿಕೆಟ್ ಮ್ಯಾಚ್ ನೋಡೋವಾಗ ಪಕ್ಕದ ಮನೆ ಡಿಟಿಎಚ್‌ನೋರು ಸಿಕ್ಸ್ ಅಂತ ಕೂಗಿದ ಮೇಲೆ ನಮ್ಮ ಕೇಬಲಲ್ಲಿ ಬೌಲರ್ ಓಡಿ ಬರ್ತಾನೆ. ಸಿಗ್ನಲ್ ಅಷ್ಟು ದೂರದಿಂದ ವೈರಲ್ಲಿ ಬರೋದಕ್ಕೇ ಈ ತಡ ಅಲ್ವಾ?
(ಓದುಗರು, ದಾವಣಗೆರೆ)

ಅಲ್ಲ ಸಾರ್, ದೂರದ್ದು ಇದರಲ್ಲಿ ತಪ್ಪೇ ಇಲ್ಲ. ಫೈಬರಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡತ್ತೆ, 400 ಕಿಲೋಮೀಟರಿಗೆ ತಗೊಳ್ಳೋದು ಒಂದು ಸೆಕೆಂಡಿನ ಸಾವಿರ ಭಾಗದಲ್ಲಿ 2 ಭಾಗ. ಆ ಲೆಕ್ಕದಲ್ಲಿ ಉಪಗ್ರಹವೇ ನಿಧಾನ, ಅದು ಭೂಮಧ್ಯರೇಖೆ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ ಕೂತಿದೆ, ಸಿಗ್ನಲ್ ಮೇಲೆ ಹೋಗಿ ಕೆಳಗೆ ಬರೋಕೆ ಕಾಲು ಸೆಕೆಂಡ್ ಬೇಕು.

ತಡ ಆಗೋದು ಚಿತ್ರವನ್ನ ಮಡಚಿ ಬಿಡಿಸೋ ಜಾಗಗಳಲ್ಲಿ. ವೀಡಿಯೋ ಕಂಪ್ರೆಸ್ ಮಾಡೋ ಪೆಟ್ಟಿಗೆ ಒಂದು ಫ್ರೇಮನ್ನ ಅದರ ಹಿಂದಿನದು ಮಾತ್ರ ಅಲ್ಲ ಮುಂದೆ ಬರೋ ಫ್ರೇಮಿನ ಜೊತೆಗೂ ಹೋಲಿಸಿ ನೋಡತ್ತೆ, ಏನು ಬದಲಾಗಿದೆಯೋ ಅಷ್ಟನ್ನೇ ಕಳಿಸೋಣ ಅಂತ. ಮುಂದಿನ ಫ್ರೇಮ್ ನೋಡ್ಬೇಕು ಅಂದ್ರೆ ಅದು ಬರೋತನಕ ಕಾಯ್ಬೇಕಲ್ಲ! ಹಿಂಗೆ ಚಾನೆಲ್‌ನವರ ಕಡೆ ಒಂದು ಸಲ ಕಾದಿದ್ದು ಆಯ್ತು. ಕೇಬಲ್ ಕಂಪನಿಯ ಹೆಡ್ ಎಂಡಲ್ಲಿ, ಅಂದ್ರೆ ಎಲ್ಲ ಚಾನೆಲ್ ಬಂದು ಸೇರೋ ಮುಖ್ಯ ಕೇಂದ್ರದಲ್ಲಿ, ಅದನ್ನ ಉಪಗ್ರಹದಿಂದ ಇಳಿಸ್ಕೊಂಡು, ಬಿಚ್ಚಿ, ತಮ್ಮ ಜಾಗಕ್ಕೆ ಸರಿಹೋಗೋ ಹಂಗೆ ಇನ್ನೊಂದು ಸಲ ಕಂಪ್ರೆಸ್ ಮಾಡ್ತಿದ್ರೆ ಅಲ್ಲಿ ಮತ್ತೆ ಕಾಯೋದು. ಡಿಟಿಎಚ್‌ನೋರೂ ಇದನ್ನೆಲ್ಲ ಮಾಡ್ತಾರೆ, ಆದ್ರೆ ಯಾರ ಯಂತ್ರ ಎಷ್ಟು ಹೊತ್ತು ಹಿಡ್ಕೊಳ್ಳತ್ತೆ ಅನ್ನೋದು ಬೇರೆ ಬೇರೆ, ಅದಕ್ಕೇ ಒಂದೇ ಬೀದೀಲಿ ಎರಡು ಹೊತ್ತಲ್ಲಿ ಕೂಗು. ಮೊಬೈಲ್ ಆಪಲ್ಲಿ ನೋಡೋರು ಸಾಮಾನ್ಯವಾಗಿ ಇನ್ನೂ ಹಿಂದೆ, ಅಲ್ಲಿ ವೀಡಿಯೋನ ಕೆಲವು ಸೆಕೆಂಡುಗಳ ತುಂಡು ಮಾಡಿ ಒಂದಷ್ಟು ತುಂಡು ಕೂಡಿಟ್ಟುಕೊಂಡೇ ಆಟ ಶುರು ಮಾಡೋದು.

ಪ್ರಶ್ನೆ: ಉಪಗ್ರಹ ಬರೋಕ್ಕಿಂತ ಮುಂಚೆ ಅಮೆರಿಕದಂಥ ದೊಡ್ಡ ದೇಶದಲ್ಲಿ ಎಲ್ಲ ಊರಲ್ಲೂ ಒಂದೇ ಕಾರ್ಯಕ್ರಮ ಹೆಂಗೆ ತೋರಿಸ್ತಿದ್ರು? ಸಮುದ್ರದ ಕೇಬಲಲ್ಲೂ ಟೀವಿ ಹೋಗ್ತಿತ್ತಾ?
(ಕನ್ನಡಿಗ ಓದುಗರು, ನ್ಯೂಜೆರ್ಸಿ)

ನೀವಿರೋ ಕಡೆಯಿಂದ್ಲೇ ಈ ಕತೆ ಶುರು ಆಗೋದು. ಫೋನ್ ಕಂಪನಿ ಎಟಿ ಅಂಡ್ ಟಿ 1936ರಲ್ಲಿ ನ್ಯೂಯಾರ್ಕಿಂದ ಫಿಲಡೆಲ್ಫಿಯಾಗೆ ಪ್ರಯೋಗಕ್ಕೆ ಅಂತ ಕೋಆಕ್ಸಿಯಲ್ ಕೇಬಲ್ ಎಳೀತು, ಆ ಎರಡು ಊರಿನ ಮಧ್ಯೆ ಇರೋದು ನ್ಯೂಜೆರ್ಸಿನೇ. ಆಮೇಲೆ ಎಲ್-1 ಅಂತ ಕರೆದ ವ್ಯವಸ್ಥೆ ಬಂತು, ಅದರಲ್ಲಿ ಒಂದು ಜೋಡಿ ಕೊಳವೆಲಿ 480 ಫೋನ್ ಕರೆ ಹೋಗ್ತಿತ್ತು, ಇಲ್ಲಾಂದ್ರೆ ಒಂದು ಟೀವಿ ಚಿತ್ರ. 1946ರ ಫೆಬ್ರವರೀಲಿ ಲಿಂಕನ್ ಜಯಂತಿ ಸಮಾರಂಭವನ್ನ ವಾಷಿಂಗ್ಟನ್ನಿಂದ ನ್ಯೂಯಾರ್ಕಿಗೆ ಇದೇ ಕೇಬಲಲ್ಲಿ ಕಳಿಸಿ ತೋರಿಸಿದ್ರು. 1949ರ ಜನವರೀಲಿ ಪೂರ್ವ ಭಾಗದ ಜಾಲಕ್ಕೂ ಷಿಕಾಗೋ ಕಡೆಯ ಜಾಲಕ್ಕೂ ಕೊಂಡಿ ಬಿತ್ತು.

ತಾಮ್ರ 100 ಮೀಟರಿಗೇ ಸುಸ್ತಾಗತ್ತೆ ಅಂತ ಈಗಷ್ಟೇ ಹೇಳಿ, ಇಲ್ಲಿ ನೂರಾರು ಕಿಲೋಮೀಟರ್ ಹೆಂಗೆ ಹೋಯ್ತು ಅಂತ ಕೇಳ್ತೀರಿ. ಉತ್ತರ ಫ್ರೀಕ್ವೆನ್ಸೀಲಿದೆ. ಫ್ರೀಕ್ವೆನ್ಸಿ ಏರಿದಷ್ಟೂ ಕರೆಂಟು ತಂತಿಯ ಮೇಲ್ಮೈಗೇ ಅಂಟ್ಕೊಂಡು ಹರಿಯತ್ತೆ, ದಾರಿ ಕಿರಿದಾಗತ್ತೆ, ನಷ್ಟ ಏರತ್ತೆ. ಎಟಿ ಅಂಡ್ ಟಿನೋರು ಎಲ್ಲವನ್ನೂ 3 ಮೆಗಾಹರ್ಟ್ಸ್ ಒಳಗೇ ಮುಗಿಸ್ತಿದ್ರು, ಹಂಗಾಗಿ ಸುಮಾರು 13 ಕಿಲೋಮೀಟರಿಗೆ ಒಂದು ಆಂಪ್ಲಿಫೈಯರ್ ಸಾಕಾಗ್ತಿತ್ತು. ಅದಕ್ಕೆ ತೆತ್ತ ಬೆಲೆ ಚಿತ್ರದ ನುಣುಪು. ಮುಂದೆ ಕಲರ್ ಬಂದಾಗ ಇನ್ನೂ ಫಜೀತಿ, ಅಮೆರಿಕದ ಪದ್ಧತೀಲಿ ಬಣ್ಣದ ಮಾಹಿತಿ ಕೂತಿದ್ದೇ 3.58 ಮೆಗಾಹರ್ಟ್ಸ್ ಜಾಗದಲ್ಲಿ, ಕೇಬಲ್ ಅಲ್ಲೀತನಕ ಮುಟ್ತಾನೇ ಇರ್ಲಿಲ್ಲ.

ಪಶ್ಚಿಮ ಕರಾವಳಿಗೆ ಕೇಬಲ್ ಅಲ್ಲ, ಮೈಕ್ರೋವೇವ್ ಟವರ್‌ಗಳು ಹೋದ್ವು, ಒಂದರಿಂದ ಒಂದಕ್ಕೆ ಸಿಗ್ನಲ್ ದಾಟಿಸೋ 107 ಟವರು. 1951ರ ಸೆಪ್ಟೆಂಬರ್ 4ಕ್ಕೆ ಸ್ಯಾನ್ ಫ್ರಾನ್ಸಿಸ್ಕೋಲಿ ಜಪಾನ್ ಶಾಂತಿ ಒಪ್ಪಂದದ ಸಮ್ಮೇಳನದಲ್ಲಿ ಅಧ್ಯಕ್ಷ ಟ್ರೂಮನ್ ಮಾಡಿದ ಭಾಷಣ ದೇಶದ ಆ ತುದಿಗೂ ನೇರವಾಗಿ ಹೋಯ್ತು. ಅದಕ್ಕಿಂತ ಮೊದಲು ನ್ಯೂಯಾರ್ಕಿನ ಕಾರ್ಯಕ್ರಮ ಲಾಸ್ ಏಂಜಲೀಸಿನೋರು ನೋಡ್ಬೇಕು ಅಂದ್ರೆ, ಟೀವಿ ತೆರೆ ಮುಂದೆ ಫಿಲ್ಮ್ ಕ್ಯಾಮೆರಾ ಇಟ್ಟು ಶೂಟ್ ಮಾಡಿ ಆ ರೀಲನ್ನ ಕಳಿಸೋದು!

ಸಮುದ್ರದ್ದು ಇನ್ನೂ ತಡ. 1956ರಲ್ಲಿ ಶುರುವಾದ ಅಟ್ಲಾಂಟಿಕ್ ಫೋನ್ ಕೇಬಲ್ ಟಿಎಟಿ-1ರಲ್ಲಿ ಇದ್ದಿದ್ದೇ 36 ಫೋನ್ ಲೈನು, ಎಲ್ಲ ಕೂಡಿದ್ರೂ ಒಂದು ನೇರ ಟೀವಿ ಚಿತ್ರಕ್ಕೆ ಮೂಲೆಗೂ ಸಾಲ್ತಿರ್ಲಿಲ್ಲ. ನೇರ ಚಿತ್ರ ಅಟ್ಲಾಂಟಿಕ್ ದಾಟಿದ್ದು 1962ರ ಜುಲೈಲಿ, ಟೆಲ್‌ಸ್ಟಾರ್ ಉಪಗ್ರಹದ ಮೂಲಕ. ಅಲ್ಲಿ ಮೊದಲ ಫೈಬರ್ ಕೇಬಲ್ ಟಿಎಟಿ-8 ಬಂದಿದ್ದು 1988ರಲ್ಲಿ. ನಾವು ಭಾರತದೋರಂತೂ ಟೀವಿ ಹಳ್ಳಿಗೆ ಮುಟ್ಟಿಸೋಕೆ ಉಪಗ್ರಹನೇ ಹಿಡ್ಕೊಂಡ್ವಿ. 1975-76ರಲ್ಲಿ ಸೈಟ್ ಅಂತ ಹೆಸರಿಟ್ಟ ಉಪಗ್ರಹ ಟೀವಿ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗೆ ನೇರವಾಗಿ ಟೀವಿ ಬಂತು, ಅದರಲ್ಲಿ ನಮ್ಮ ಕಲಬುರಗಿ, ರಾಯಚೂರು, ವಿಜಯಪುರ ಕಡೆಯ ಹಳ್ಳಿಗಳೂ ಇದ್ವು.

ಪ್ರಶ್ನೆ: ಮಳೆ ಬಂದ್ರೆ ಡಿಟಿಎಚ್ ಹೋಗತ್ತೆ, ಕೇಬಲ್ ಹೋಗಲ್ಲ. ಕೇಬಲ್‌ನವರಿಗೂ ಉಪಗ್ರಹದಿಂದ್ಲೇ ತಾನೇ ಬರೋದು?
(ಓದುಗರು, ತೀರ್ಥಹಳ್ಳಿ)

ಉಪಗ್ರಹ ಹೌದು, ಫ್ರೀಕ್ವೆನ್ಸಿ ಬೇರೆ. ನಿಮ್ಮ ಮಾಡಿನ ಮೇಲಿನ ಪುಟ್ಟ ಡಿಶ್ಶಿಗೆ ಬರೋದು ಕೆಯು ಬ್ಯಾಂಡ್, 11-12 ಗಿಗಾಹರ್ಟ್ಸ್, ಎರಡೂವರೆ ಸೆಂಟಿಮೀಟರ್ ಉದ್ದದ ಅಲೆ. ದಪ್ಪ ಹನಿ ಮಳೆ ಅದನ್ನ ಚೆನ್ನಾಗೇ ಕುಡಿಯತ್ತೆ. ಹೆಡ್ ಎಂಡಿನ ದೊಡ್ಡ ಡಿಶ್ಶಿಗೆ ಬರೋದು ಹೆಚ್ಚಾಗಿ ಸಿ ಬ್ಯಾಂಡ್, 4 ಗಿಗಾಹರ್ಟ್ಸ್ ಆಸುಪಾಸು, ಅಲೆ ಏಳೂವರೆ ಸೆಂಟಿಮೀಟರ್, ಮಳೆಗೆ ಅಷ್ಟಾಗಿ ಕ್ಯಾರೇ ಅನ್ನಲ್ಲ. ಆಗುಂಬೆ ಕಡೆಯ ಮಳೆಗೂ. ಅದಕ್ಕೆ ಕಾಟ ಕೊಡೋದು ಬಿಸಿಲು, ಮಾರ್ಚ್ ಮತ್ತೆ ಸೆಪ್ಟೆಂಬರ್ ಆಸುಪಾಸು ಕೆಲವು ದಿನ ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನ ಹಿಂದೆ ಬರ್ತಾನೆ, ಆಗ ಡಿಶ್ಶಿಗೆ ಸೂರ್ಯನ ರೇಡಿಯೋ ಗದ್ದಲವೇ ಜಾಸ್ತಿ ಕೇಳಿ ಒಂದಷ್ಟು ನಿಮಿಷ ಚಿತ್ರ ಕೆಡತ್ತೆ. ಮಳೆಗಾಲದಲ್ಲಿ ಕೇಬಲ್ ಕೆಟ್ರೆ ಆಕಾಶ ನೋಡ್ಬೇಡಿ, ಕಂಬದ ಮೇಲಿನ ಜಾಯಿಂಟ್ ನೋಡ್ಸಿ. ನೀರು ಒಳಗೆ ಹೊಕ್ಕು ತಾಮ್ರ ಹಸಿರುಗಟ್ಟಿದ್ರೆ ಮಳೆ ನಿಂತ ಮೇಲೂ ಸರಿ ಆಗಲ್ಲ.

ಪ್ರಶ್ನೆ: ಜೆಸಿಬಿಯವರು ಫೈಬರ್ ಕಟ್ ಮಾಡಿದ್ರು ಅಂತ ಇಡೀ ದಿನ ಕೇಬಲ್ ಇರ್ಲಿಲ್ಲ. ಅಷ್ಟುದ್ದದ ಲೈನಲ್ಲಿ ಎಲ್ಲಿ ಕಟ್ ಆಗಿದೆ ಅಂತ ಹೆಂಗೆ ಹುಡುಕ್ತಾರೆ?
(ಓದುಗರು, ತುಮಕೂರು)

ಒಟಿಡಿಆರ್ ಅಂತ ಒಂದು ಮಷಿನ್ ಇದೆ, ಟೊಣಪ ಟ್ಯಾಬ್ಲೆಟ್ ಥರ ಕಾಣತ್ತೆ. ಫೈಬರಿನ ಒಂದು ತುದಿಯಿಂದ ಬೆಳಕಿನ ಸಣ್ಣ ಮಿಡಿತ ಬಿಡತ್ತೆ. ಗಾಜಿನ ಉದ್ದಕ್ಕೂ ಚೂರು ಚೂರು ಬೆಳಕು ಹಿಂದಕ್ಕೆ ಚೆದುರ್ತಾ ಇರತ್ತೆ, ಕಟ್ ಆದ ಜಾಗದಿಂದಾಚೆ ಏನೂ ಬರಲ್ಲ. ಹೋಗಿ ಬರೋಕೆ ಕಿಲೋಮೀಟರಿಗೆ 10 ಮೈಕ್ರೋಸೆಕೆಂಡು, ಹಿಂದಕ್ಕೆ ಬರೋ ಬೆಳಕು 230 ಮೈಕ್ರೋಸೆಕೆಂಡಿಗೆ ನಿಂತು ಹೋದ್ರೆ ಕಟ್ ಆಗಿರೋದು 23ನೇ ಕಿಲೋಮೀಟರಲ್ಲಿ. ಮಜಾ ಇರೋದು ಇದರ ಮುಂದೆ. ಫೈಬರಿನ 23 ಕಿಲೋಮೀಟರ್ ಅಂದ್ರೆ ರಸ್ತೆಯ 23 ಕಿಲೋಮೀಟರ್ ಅಲ್ಲ, ಯಾಕಂದ್ರೆ ಅಲ್ಲಲ್ಲಿ ಕಂಬದ ಮೇಲೋ ಚೇಂಬರಲ್ಲೋ ಹತ್ತಿಪ್ಪತ್ತು ಮೀಟರ್ ಸುತ್ತಿ ಸಿಂಬಿ ಮಾಡಿ ಇಟ್ಟಿರ್ತಾರೆ, ಮುಂದೆ ಜಾಯಿಂಟ್ ಹಾಕೋಕೆ ಬೇಕಾಗತ್ತೆ ಅಂತ. ಎಲ್ಲೆಲ್ಲಿ ಎಷ್ಟು ಸುತ್ತಿದೀವಿ ಅಂತ ಬರೆದಿಟ್ಟ ಕಂಪನಿ ನೇರ ಜಾಗಕ್ಕೇ ಹೋಗತ್ತೆ, ಬರೆದಿಡದೇ ಇದ್ದೋರು ರಸ್ತೆ ಉದ್ದಕ್ಕೂ ಬೈಕಲ್ಲಿ ತಿರುಗ್ತಾರೆ. ನಿಮ್ಮ ಇಡೀ ದಿನ ಹಿಂಗೇ ಹೋಗಿರಬೇಕು. ಸಿಕ್ಕ ಮೇಲೆ ಎರಡು ತುದಿ ಎದುರುಬದುರಾಗಿ ಇಟ್ಟು ಕಿಡಿ ಹಾರಿಸಿ ಕರಗಿಸಿ ಕೂಡಿಸ್ತಾರೆ, ಚೆನ್ನಾಗಿ ಕೂಡಿದ್ರೆ ಆ ಜಾಯಿಂಟಿನ ನಷ್ಟ 0.05 ಡೆಸಿಬಲ್ ಅಷ್ಟೇ. ದೊಡ್ಡ ಕಂಪನಿಗಳು ಎರಡು ದಾರೀಲಿ ರಿಂಗ್ ಮಾಡಿರ್ತವೆ, ಒಂದು ಕಟ್ ಆದ್ರೆ ಸಿಗ್ನಲ್ ಇನ್ನೊಂದು ಕಡೆಯಿಂದ ಸುತ್ತಿ ಬರತ್ತೆ. ನಿಮ್ಮ ಬಡಾವಣೆಗೆ ಬರೋ ಕವಲಿಗೆ ಮಾತ್ರ ಆ ಭಾಗ್ಯ ಇರಲ್ಲ.

ಪ್ರಶ್ನೆ: ನಮ್ಮನೇಲಿ ಯುಪಿಎಸ್ ಇದೆ, ಟೀವಿ ಬಾಕ್ಸ್ ಎರಡೂ ಆನ್ ಇರತ್ತೆ, ಆದ್ರೂ ಕರೆಂಟ್ ಹೋದ ತಕ್ಷಣ ಸಿಗ್ನಲ್ ಇಲ್ಲ ಅಂತ ಬರತ್ತೆ.
(ಓದುಗರು, ವಿಜಯಪುರ)

ಕಂಬದ ಮೇಲೆ ಫೈಬರಿನ ಬೆಳಕನ್ನ ತಾಮ್ರದ ಸಿಗ್ನಲ್ಲಾಗಿ ಬದಲಾಯಿಸೋ 'ನೋಡ್' ಅನ್ನೋ ಪೆಟ್ಟಿಗೆಗೂ ಆಂಪ್ಲಿಫೈಯರಿಗೂ ಕರೆಂಟ್ ಬೇಕಲ್ಲ. ಬೀದಿಯ ದಪ್ಪ ಕೋಆಕ್ಸಿಯಲ್ ಕೇಬಲಲ್ಲಿ ಟೀವಿ ಸಿಗ್ನಲ್ ಜೊತೆಗೇ 60 ವೋಲ್ಟ್ ಆಸುಪಾಸಿನ ಎಸಿ ಕರೆಂಟೂ ಹರಿಸಿ ಇವನ್ನ ನಡೆಸೋದುಂಟು, ಆ ಕರೆಂಟು ಬರೋದು ನಿಮ್ಮ ಏರಿಯಾದ ಯಾರದ್ದೋ ಅಂಗಡಿಯಲ್ಲೋ ಮನೇಲೋ ಇಟ್ಟ ಪವರ್ ಸಪ್ಲೈಯಿಂದ. ಅಲ್ಲಿ ಬ್ಯಾಟರಿ ಇಟ್ಟಿಲ್ಲ ಅಂದ್ರೆ ನಿಮ್ಮ ಯುಪಿಎಸ್ ಏನು ಮಾಡೀತು? ಫೈಬರನ್ನ ಮನೆ ಒಳಗೇ ತರೋ ಹೊಸ ವ್ಯವಸ್ಥೇಲಿ ಈ ಗೋಳಿಲ್ಲ, ಮಧ್ಯದಲ್ಲಿ ಇರೋದು ಬೆಳಕನ್ನ ಮನೆಮನೆಗೆ ಹಂಚೋ, ಕರೆಂಟೇ ಬೇಡದ ಗಾಜಿನ ಸ್ಪ್ಲಿಟರು. ಒಂದೇ ಎಳೇಲಿ ಟೀವಿ 1550 ನ್ಯಾನೋಮೀಟರಲ್ಲಿ, ಇಂಟರ್ನೆಟ್ ಬರೋದು 1490ರಲ್ಲಿ ಹೋಗೋದು 1310ರಲ್ಲಿ, ಒಂದಕ್ಕೊಂದು ತಗುಲದೆ ಓಡಾಡ್ತವೆ. ಅದನ್ನ ಹಾಕಿಸ್ಕೊಂಡ್ರೆ ಒಂದು ಮಾತು ನೆನಪಿರಲಿ, ಹಸಿರು ಬಣ್ಣದ ಫೈಬರ್ ಕನೆಕ್ಟರನ್ನ ನೀಲಿ ಬಣ್ಣದ್ದಕ್ಕೆ ತುರುಕಬೇಡಿ, ಹಸಿರಿಂದರ ತುದಿ 8 ಡಿಗ್ರಿ ಓರೆಯಾಗಿ ಉಜ್ಜಿರ್ತಾರೆ, ಎರಡೂ ಕೂತ ಹಂಗೆ ಕಂಡ್ರೂ ಕೂರಲ್ಲ.

ಪ್ರಶ್ನೆ: ಬಾಕ್ಸಿನ ಹಿಂದೆ ಕೇಬಲ್ ಪಿನ್ ಮುಟ್ಟಿದ್ರೆ ಜುಂ ಅನ್ನತ್ತೆ. ಆ 60 ವೋಲ್ಟಾ?
(ಓದುಗರು, ಮಂಗಳೂರು)

ಅಲ್ಲ ಮೇಡಂ, ಅದನ್ನ ಮನೆಗೆ ಬರೋ ವೈರಿಗೆ ಬಿಡಲ್ಲ, ಕಂಬದ ಹತ್ರ ಮನೆಗಳಿಗೆ ಸಿಗ್ನಲ್ ಹಂಚೋ ಟ್ಯಾಪ್ ಅನ್ನೋ ಪೆಟ್ಟಿಗೇಲೇ ತಡೀತಾರೆ. ಎರಡು ಪಿನ್ನಿನ ಪ್ಲಗ್ ಇರೋ ಟೀವಿ, ಬಾಕ್ಸುಗಳ ಪವರ್ ಸಪ್ಲೈಯಿಂದ ಚೂರೇ ಚೂರು ಕರೆಂಟ್ ಮೆಟಲ್ ಭಾಗಕ್ಕೆ ಸೋರತ್ತೆ, ಕೇಬಲಿನ ಹೊರಗಿನ ಜಾಲರಿ ಎಲ್ಲ ಮನೆಗಳನ್ನೂ ಕೂಡಿಸಿರೋದ್ರಿಂದ ನಿಮ್ಮ ಟೀವಿ ಆಫ್ ಇದ್ರೂ ಪಕ್ಕದ ಮನೆಯದ್ದು ಜುಂ ಅನ್ನಿಸಬಹುದು. ಜುಂ ಅನ್ನೋದು ಬಿಟ್ಟು ಜೋರಾಗಿ ಹೊಡೆದ್ರೆ ಮಾತ್ರ ಮುಟ್ಟಬೇಡಿ, ಕಂಬದ ಮೇಲೆ ಎಲ್ಲೋ ಕರೆಂಟ್ ಲೈನಿಗೆ ತಾಗಿರಬಹುದು, ತಕ್ಷಣ ಕೇಬಲ್‌ನವರಿಗೂ ಲೈನ್‌ಮ್ಯಾನಿಗೂ ಹೇಳಿ.

ಪ್ರಶ್ನೆ: ಎಲ್ಲ ಚಾನೆಲ್ ಸರಿ ಬರತ್ತೆ, ಹತ್ತು ಹದಿನೈದು ಚಾನೆಲ್ ಮಾತ್ರ ಚೌಕ ಚೌಕವಾಗಿ ಒಡೆಯತ್ತೆ, ಅದ್ರಲ್ಲಿ ಅಮ್ಮನ ಸೀರಿಯಲ್ ಚಾನೆಲ್ಲೂ ಒಂದು. ಕೇಬಲ್‌ನವರು ಬಾಕ್ಸ್ ಬದಲಾಯಿಸಿ ಅಂತಾರೆ.
(ಓದುಗರು, ಮೈಸೂರು)

ಬಾಕ್ಸಿಗೆ ದುಡ್ಡು ಕೊಡೋಕ್ಕಿಂತ ಮುಂಚೆ ಸ್ವಲ್ಪ ತಾಳಿ. ಮೇಲೆ ಹಾಸನದವರಿಗೆ ಹೇಳಿದ ಹಂಗೆ ಹದಿನೈದು ಇಪ್ಪತ್ತು ಚಾನೆಲ್ ಒಂದೇ ಫ್ರೀಕ್ವೆನ್ಸೀಲಿ ಒಟ್ಟಿಗೆ ಬರೋದು. ಒಡೆಯೋದು ಒಂದು ಗುಂಪು ಮಾತ್ರ ಅಂದ್ರೆ ಆ ಒಂದು ಫ್ರೀಕ್ವೆನ್ಸಿ ಸೊರಗಿದೆ, ಬಾಕ್ಸ್ ಕೆಟ್ಟಿರೋ ಸಾಧ್ಯತೆ ಕಮ್ಮಿ. ಡಿಜಿಟಲಲ್ಲಿ ಹಳೇ ಕಾಲದ ಥರ ಚುಕ್ಕೆ ಬಂದು ಮುನ್ಸೂಚನೆ ಕೊಡಲ್ಲ, ಒಂದು ಮಟ್ಟದ ತನಕ ಕನ್ನಡಿ ಹಂಗೆ, ಅದರ ಕೆಳಗೆ ಇಳಿದ್ರೆ ಒಮ್ಮೆಲೇ ಚೂರು. ಮೇಲಿನ ಫ್ರೀಕ್ವೆನ್ಸಿಯವು ಮೊದಲು ಆ ಮಟ್ಟದ ಕೆಳಗೆ ಬೀಳೋದು, ಯಾಕಂದ್ರೆ ತಾಮ್ರ ಮೊದಲು ತಿನ್ನೋದೇ ಅವನ್ನ. ಎರಡು ಟೀವಿಗೆ ಅಂತ ನೀವೇ ಸ್ಪ್ಲಿಟರ್ ಹಾಕಿದ್ರೆ ಅದೊಂದೇ ಸುಮಾರು 3.5 ಡೆಸಿಬಲ್, ಅಂದ್ರೆ ಅರ್ಧಕ್ಕಿಂತ ಜಾಸ್ತಿ, ತಗೊಂಡು ಹೋಗತ್ತೆ. ಅದನ್ನ ತೆಗೆದು ವೈರನ್ನ ನೇರ ಬಾಕ್ಸಿಗೆ ಕೊಟ್ಟು ನೋಡಿ. ಸರಿ ಹೋಗ್ಲಿಲ್ಲ ಅಂದ್ರೆ ಕನೆಕ್ಟರ್ ಬಿಚ್ಚಿ, ಜಾಲರಿಯ ಒಂದು ಕೂದಲೆಳೆ ಮಧ್ಯದ ತಂತಿಗೆ ತಾಗಿದ್ಯಾ, ಮಧ್ಯದ ತಂತಿ ಕಪ್ಪಾಗಿದ್ಯಾ ನೋಡಿ, ಒಂದಿಂಚು ಕತ್ತರಿಸಿ ಹೊಸ ಕನೆಕ್ಟರ್ ಹಾಕ್ಸಿ. ಹತ್ತಿರದಲ್ಲಿ ಮೊಬೈಲ್ ಟವರ್ ಇದ್ರೆ ಅದೂ ಒಂದು ಗುಮಾನಿ, ಅವರ ಸಿಗ್ನಲ್ ಸಡಿಲ ಕನೆಕ್ಟರಿನ ಸಂದೀಲಿ ಒಳಗೆ ನುಗ್ಗಿ ಕೇಬಲಿನ ಅದೇ ಫ್ರೀಕ್ವೆನ್ಸಿಯ ಚಾನೆಲ್ಲುಗಳನ್ನ ಕೆಡಿಸಬಹುದು. ಇಷ್ಟಕ್ಕೂ ಬಗ್ಗದಿದ್ರೆ ಕೇಬಲ್ ಹುಡುಗ ಬಂದಾಗ ಸಿಗ್ನಲ್ ಅಳೆಯೋ ಮೀಟರ್ ತರೋಕೆ ಹೇಳಿ, ಒಡೆಯೋ ಚಾನೆಲ್ಲಿನ ಫ್ರೀಕ್ವೆನ್ಸೀಲೇ ಅಳೆಸಿ, ಮೊದಲು ಕಂಬದ ಟ್ಯಾಪಲ್ಲಿ, ಆಮೇಲೆ ಬಾಕ್ಸಿನ ಹತ್ರ. ಕಂಬದಲ್ಲೇ ಕಮ್ಮಿ ಇದ್ರೆ ಅವರ ಖರ್ಚು, ಕಂಬದಲ್ಲಿ ಸರಿ ಇದ್ದು ಬಾಕ್ಸಲ್ಲಿ ಕಮ್ಮಿ ಇದ್ರೆ ನಿಮ್ಮ ವೈರು, ಎರಡೂ ಕಡೆ ಸರಿ ಇದ್ರೆ ಆಗ ಬೇಕಾದ್ರೆ ಬಾಕ್ಸ್ ಬದಲಾಯಿಸಿ.